ಕಾಶಿಯ ಶಾರ್ಕಿಗೆ ನೀರು ಬದಲಿಸುವ ಬಾಬು

ಬೆಳಕು ಇನ್ನೂ ಪೂರ್ತಿ ಹರಿದಿಲ್ಲ. ಕೇದಾರ ಘಾಟಿನಿಂದ ತುಸು ಆಚೆ, ಸ್ನಾನದವರ ಕಾಲಿಗೆ ಸಿಗದಷ್ಟು ದೂರದಲ್ಲಿ, ದೋಣಿಯ ಮೂತಿಯ ಮೇಲೆ ನಿಂತು ಬಾಬು ಮೊಗವೀರ ಬೀಸುಬಲೆ ಎಸೆಯುತ್ತಾರೆ. ಬಲೆ ಗಾಳಿಯಲ್ಲಿ ದುಂಡಗೆ ಅರಳಿ ಗಂಗೆಯ ಮೇಲೆ ಬೀಳುತ್ತದೆ. ಮೊದಲ ಬೀಸಿಗೆ ಒಂದು ರಾಶಿ ಚೆಂಡುಹೂವು ಮತ್ತು ಎಡಗಾಲಿನ ಒಂದು ಚಪ್ಪಲಿ ಬರುತ್ತವೆ. ಮುಂದಿನದಕ್ಕೆ ಯಾರೋ ಹರಕೆಗೆ ಬಿಟ್ಟ ಕೆಂಪು ಚುನ್ನಿ. ಆಮೇಲಿನದಕ್ಕೆ, ಜಿಂಕೆಯ ಕೊಂಬಿನಂತೆ ಕವಲೊಡೆದ ಒಂದು ಹವಳದ ತುಂಡು.

ಹವಳ ಬೆಳೆಯುವುದು ಸಮುದ್ರದಲ್ಲಿ. ಬನಾರಸಿನಿಂದ ಸಮುದ್ರಕ್ಕೆ ಭೂಪಟದ ಮೇಲೆ ಬೆರಳಿಟ್ಟು ನಡೆದರೂ ಬೆರಳು ನೋಯುತ್ತದೆ. ಆದರೆ ದೋಣಿಯಲ್ಲಿರುವ ಇಬ್ಬರಿಗೂ ಆಶ್ಚರ್ಯವಾದಂತೆ ಕಾಣುವುದಿಲ್ಲ. ಬಾಬು ಹವಳವನ್ನು ಲುಂಗಿಯ ತುದಿಯಲ್ಲಿ ಒರೆಸಿ, ತಲೆಕೆಳಗು ಮಾಡಿ, ಬುಡದಲ್ಲಿರುವ ಸಣ್ಣ ತೂತನ್ನು ತೋರಿಸುತ್ತಾರೆ. "ನಮ್ದೇ ಇದ್. ಈ ತೂತ್ ನಾನೇ ಕೊರ್ದದ್, ತಂತಿ ಹಾಕುಕೆ."

ಹುಟ್ಟು ಹಾಕುವ ಲಲ್ಲನ್ ಬೀಡಿ ಕಚ್ಚಿಕೊಂಡೇ ನಗುತ್ತಾನೆ. "ಸಬ್ ಲೋಗ್ ಗಂಗಾಜೀ ಮೇ ಡಾಲ್‌ನೇ ಆತೇ ಹೈಂ, ಬಾಬೂ ಭೈಯಾ ನಿಕಾಲ್‌ನೇ ಆತೇ ಹೈಂ." ಲೋಕವೆಲ್ಲ ಗಂಗೆಗೆ ಹಾಕಲು ಬಂದರೆ ಈ ಪುಣ್ಯಾತ್ಮ ತೆಗೆಯಲು ಬರುತ್ತಾರೆ. ಲಲ್ಲನ್ ಹೇಳುವ ಮಾತುಗಳಲ್ಲಿ ಪೂರ್ತಿ ನಿಜವಾದದ್ದು ಬಹುಶಃ ಇದೊಂದೇ.

ಮೀನು ಹಿಡಿಯುವುದು ಬಾಬು ಅವರ ಉದ್ಯೋಗವಲ್ಲ. ಬಂಗಾಲಿ ಟೋಲಾದ ಗಲ್ಲಿಗಳ ಆಚೆಗಿರುವ ಒಂದು ಹಳೆಯ ಕಾಲೇಜಿನ ಪ್ರಾಣಿಶಾಸ್ತ್ರ ವಿಭಾಗದಲ್ಲಿ ಅವರು ಅಟೆಂಡರ್. ಈ ಕಡೆ ಗುಮಾಸ್ತರನ್ನೆಲ್ಲ ಬಾಬು ಎಂದೇ ಕರೆಯುವುದು. ಹೀಗಾಗಿ ಆ ಕಾಲೇಜಿನಲ್ಲಿ ಬಾಬುಗಳಿಗೆಲ್ಲ ಕುರ್ಚಿಗಳಿವೆ, ಅಪ್ಪ ಅಮ್ಮ ಇಟ್ಟ ಹೆಸರೇ ಬಾಬು ಆಗಿರುವವರಿಗೆ ಮಾತ್ರ ಸ್ಟೂಲು. ಯಾರಾದರೂ 'ಬಾಬೂಜೀ' ಎಂದು ಕೂಗಿದರೆ ಆಫೀಸಿನಲ್ಲಿ ನಾಲ್ಕು ತಲೆ ಎತ್ತುತ್ತವೆ. ಎದ್ದು ಓಡುವವರು ಇವರೊಬ್ಬರೇ.

ಕಾಲೇಜಿನ ನೆಲಮಾಳಿಗೆಯಲ್ಲಿ ಸಮುದ್ರ ಕಕ್ಷ ಎಂಬ ಕೋಣೆಯೊಂದಿತ್ತು. ಕಟ್ಟಿದವರು ಪ್ರೊಫೆಸರ್ ಕೊಟ್ಟೂರಯ್ಯ, ಕೂಡ್ಲಿಗಿ ಕಡೆಯವರು. ಬಾವಿಯ ತಳ ನೋಡಿಯೇ ನೀರಿನ ಕಲ್ಪನೆ ಮಾಡಿಕೊಳ್ಳಬೇಕಾದ ಊರಿನಲ್ಲಿ ಹುಟ್ಟಿದವರಿಗೆ ಸಮುದ್ರದ ಹುಚ್ಚು ಹಿಡಿದರೆ ಬಿಡುವುದಿಲ್ಲ. ಪ್ರತಿ ಬೇಸಿಗೆ ರಜೆಗೆ ಅವರು ತಗಡಿನ ಡ್ರಮ್ಮುಗಳೊಂದಿಗೆ ಕುಂದಾಪುರದ ಕಡೆ ಇಳಿಯುತ್ತಿದ್ದರು, ಮೊಗವೀರರ ಮನೆ ಜಗಲಿಯಲ್ಲಿ ಮಲಗುತ್ತಿದ್ದರು. ಮಾರಾಟವಾಗದ್ದು, ತಿನ್ನಲಾಗದ್ದು, ಯಾರಿಗೂ ಹೆಸರು ಗೊತ್ತಿಲ್ಲದ್ದು ಏನೇ ಬಲೆಗೆ ಬಿದ್ದರೂ ಕೈಮುಗಿದು ಇಸಿದುಕೊಳ್ಳುತ್ತಿದ್ದರು. ಅವುಗಳನ್ನು ಫಾರ್ಮಲಿನ್‌ಗೆ ಹಾಕಿ, ಮೂತಿ ಕಟ್ಟಿ, ಡ್ರಮ್ಮಿಗೆ ಇಳಿಸಿ ಕೊಡುತ್ತಿದ್ದ ಹುಡುಗ ಬಾಬು. ಒಂದು ವರ್ಷ ಹುಡುಗನನ್ನೂ ಜೊತೆಗೆ ಕರೆದುಕೊಂಡು ಹೋದರು.

"ಮೀನಿನೊಟ್ಟಿಗೆ ನಂದೂ ಪಾರ್ಸೆಲ್ ಆಯ್ತ್" ಎನ್ನುತ್ತಾರೆ ಬಾಬು. "ಅವುಕ್ಕಾರೂ ಡ್ರಮ್ ಇತ್ತ್. ನಾನ್ ಬಾಗಿಲ ಹತ್ರ ಕೂತ್ಕಂಡ್ ಬಂದೆ."

ಆ ಪ್ರಯಾಣದ ಕಥೆ ಕೇದಾರ ಘಾಟಿನ ಕನ್ನಡದವರ ನಡುವೆ ಇನ್ನೂ ಓಡಾಡುತ್ತದೆ. ಶಾರ್ಕೊಂದು ಡ್ರಮ್ಮಿಗೆ ಹಿಡಿಸದೆ, ಪ್ರೊಫೆಸರು ಅದನ್ನು ಒದ್ದೆ ಗೋಣಿಯಲ್ಲಿ ಸುತ್ತಿ, ಮೇಲೆ ಕಂಬಳಿ ಹೊದಿಸಿ ಮೇಲಿನ ಬರ್ತಿನಲ್ಲಿ ಮಲಗಿಸಿದ್ದರಂತೆ. ಇಟಾರ್ಸಿಯಲ್ಲಿ ಹತ್ತಿದ ಟಿ.ಸಿ. ಟಿಕೆಟ್ ಕೇಳಿದಾಗ, "ಅವರಿಗೆ ಮೈ ಸರಿಯಿಲ್ಲ, ಎಬ್ಬಿಸಬೇಡಿ" ಎಂದರಂತೆ. ಟಿ.ಸಿ. ಕಂಬಳಿಯ ಮೇಲೆ ಕೈಯಿಟ್ಟು ನೋಡಿ, "ಮೈಯೆಲ್ಲ ತಣ್ಣಗಿದೆ, ಜಬಲ್‌ಪುರದಲ್ಲಿ ಡಾಕ್ಟರನ್ನು ಕರೆಸಲೇ?" ಎಂದು ಕೇಳಿದ್ದು ಕೂಡ ನಿಜ ಎನ್ನುತ್ತಾರೆ. ಬಾಬು ಇದನ್ನು ಅಲ್ಲಗಳೆಯುವುದಿಲ್ಲ. "ಶಾರ್ಕ್ ಸಣ್ಣದ್ ಮಾರಾಯ್ರೆ, ಒಂದ್ ಕೈಯುದ್ದ. ಬರ್ತ್ ಬೇಕಾದ್ದ್ ಮೇಷ್ಟ್ರಿಗೆ" ಎಂದಷ್ಟೇ ತಿದ್ದುತ್ತಾರೆ.

ಸಮುದ್ರ ಕಕ್ಷದಲ್ಲಿ ಬಾಬು ಅವರ ಕೆಲಸ ಹೇಳಿದರೆ ಒಂದು ವಾಕ್ಯ, ಮಾಡಿದರೆ ಒಂದು ಆಯುಷ್ಯ. ಬಾಟಲಿಗಳಲ್ಲಿನ ಫಾರ್ಮಲಿನ್ ಎಷ್ಟೇ ಬಿಗಿಯಾಗಿ ಮುಚ್ಚಿದರೂ ಆವಿಯಾಗಿ ಇಳಿಯುತ್ತದೆ. ಮೀನಿನ ಬೆನ್ನು ಒಮ್ಮೆ ಗಾಳಿಗೆ ಬಿದ್ದರೆ ಕಥೆ ಮುಗಿಯಿತು. ಹಾಗಾಗಿ ದಿನವೂ ಒಂದೊಂದು ಸಾಲು ನೋಡಬೇಕು, ತುಂಬಿಸಬೇಕು, ಹಳದಿಗಟ್ಟಿದ್ದನ್ನು ಬದಲಿಸಬೇಕು, ಮುಚ್ಚಳಕ್ಕೆ ಮೇಣ ಹಾಕಬೇಕು. ಪ್ರತಿ ಪ್ರಾಣಿಯನ್ನೂ ಬಲೆ ನೇಯುವ ಗಂಟಿನಿಂದಲೇ ಗಾಜಿನ ಪಟ್ಟಿಗೆ ಕಟ್ಟುವುದು ಬಾಬು ಅವರ ಪದ್ಧತಿ. ಎಳೆದಷ್ಟೂ ಬಿಗಿಯಾಗುವ ಗಂಟು ಅದು. ಈ ಕೆಲಸ ಅವರಿಂದ ಎರಡು ವಸ್ತುಗಳನ್ನು ತೆಗೆದುಕೊಂಡಿದೆ. ಒಂದು, ಬೆರಳ ತುದಿಯ ಚರ್ಮ. ಇನ್ನೊಂದು, ಮೂಗು. ಮೂಗು ಇದೆ, ವಾಸನೆ ಹೋಗಿದೆ. "ಮಗಳ್ ಸಣ್ಣದಿಪ್ಪತಿಗೆ ನಾನ್ ಎತ್ಕಂಡ್ರೆ 'ಪಾಪಾ ಸೇ ಅಸ್ಪತಾಲ್ ಆತಾ ಹೈ', ಅಪ್ಪನ್ ಮೈ ಆಸ್ಪತ್ರೆ ವಾಸ್ನೆ, ಅಂದೇಳಿ ಮುಖ ತಿರ್ಗ್ಸುದ್. ನಂಗೆ ಎಂತ ವಾಸನೆ ಅಂದೇಳಿ ಗೊತ್ತಾತಿಲ್ಲ್ಯಲೆ."

ವಿದ್ಯಾರ್ಥಿಗಳು ಆ ಕೋಣೆಗೆ ಹೆಚ್ಚಾಗಿ ಬರುತ್ತಿದ್ದದ್ದು ಪರೀಕ್ಷೆಯ ದಿನ. ಆಕ್ಟೋಪಸ್ ಬಾಟಲಿಯ ಮುಂದೆ ಅಗರಬತ್ತಿ ಹಚ್ಚಿ ಹೋಗುತ್ತಿದ್ದರು. ಎಂಟು ಕೈ ಇರುವವರು ಯಾರೇ ಆಗಿರಲಿ, ನಮಸ್ಕಾರ ಮಾಡಿದರೆ ನಷ್ಟವಿಲ್ಲ ಎಂಬುದು ಕಾಶಿಯ ಸಾಮಾನ್ಯ ಜ್ಞಾನ. ಕೊಟ್ಟೂರಯ್ಯನವರು ತೀರಿಕೊಂಡ ಮೇಲೆ ಆ ಕೋಣೆಯ ಬಾಗಿಲು ತೆಗೆಯುತ್ತಿದ್ದವರು ಬಾಬು ಮಾತ್ರ.

ಬನಾರಸಿಗೂ ಸಮುದ್ರಕ್ಕೂ ಏನು ಸಂಬಂಧ ಎಂದು ಕೇಳಿದರೆ ಲಲ್ಲನ್‌ಗೆ ಸಿಟ್ಟು ಬರುತ್ತದೆ. ಅವನ ಅಜ್ಜನ ಕಾಲದಲ್ಲಿ ಹಿಲ್ಸಾ ಮೀನು ಬಂಗಾಳದ ಸಮುದ್ರದಿಂದ ಮೊಟ್ಟೆಯಿಡಲು ನದಿ ಹತ್ತಿ ಇಲ್ಲಿಗೂ ಬರುತ್ತಿತ್ತು, ಇಲ್ಲಿಂದ ಮುಂದೆ ಪ್ರಯಾಗಕ್ಕೂ ಹೋಗುತ್ತಿತ್ತು. ಆಮೇಲೆ ಕೆಳಗಡೆ ಅಡ್ಡಗಟ್ಟೆ ಬಂತು, ಮೀನು ನಿಂತಿತು. "ಪಹಲೇ ಸಮುಂದರ್ ಖುದ್ ಚಲ್ ಕೇ ಆತಾ ಥಾ" ಎನ್ನುತ್ತಾನೆ. ಆಗ ಸಮುದ್ರಕ್ಕೆ ಇಲ್ಲಿಗೆ ಬರುವ ದಾರಿ ಗೊತ್ತಿತ್ತು. ಆಮೇಲೆ ರೈಲಿನಲ್ಲಿ ತರಬೇಕಾಯಿತು. ತಂದದ್ದನ್ನು ಏನು ಮಾಡಿದೆವು ಎಂಬುದು ಮುಂದಿನ ಮಾತು.

ಈಗಿನ ವಿಭಾಗದ ಮುಖ್ಯಸ್ಥರು ಡಾ. ರಘುನಂದನ, ಮೈಸೂರಿನವರು. ಕೆಟ್ಟವರಲ್ಲ. ಹಬ್ಬಕ್ಕೆ ಬಾಬು ಅವರನ್ನು ಮನೆಗೆ ಕರೆದು ಊಟ ಹಾಕುವವರು. ಎರಡು ವರ್ಷದ ಹಿಂದೆ ನೆಲಮಾಳಿಗೆಯಲ್ಲಿ ಸ್ಮಾರ್ಟ್ ಕ್ಲಾಸ್‌ರೂಮ್ ಮಾಡಬೇಕೆಂದು ಮೇಲಿನಿಂದ ಅಪ್ಪಣೆ ಬಂತು. ಸಮುದ್ರ ಕಕ್ಷವನ್ನು ಮುಚ್ಚಿ, ಬಾಟಲಿಗಳನ್ನು ಬೇರೆ ಕಾಲೇಜಿಗೆ ಕಳಿಸುವುದೆಂದು ಅವರು ತೀರ್ಮಾನಿಸಿದರು. ತೀರ್ಮಾನ ಅವರ ತಲೆಯಲ್ಲಿತ್ತು. ಹೊರಗೆ ಬಂದದ್ದು ಒಂದೇ ಪದ. ಅಣ್ಣನ ಮಗಳ ಮದುವೆಗೆ ಮೈಸೂರಿಗೆ ಹೊರಟು, ಬಾಬತ್‌ಪುರ ಏರ್‌ಪೋರ್ಟಿಗೆ ಹೋಗುವ ಕಾರಿನ ಬಾಗಿಲು ಹಿಡಿದುಕೊಂಡು, ತಾವು ಬರುವುದರೊಳಗೆ ಕೆಲಸ ಮುಗಿದಿರಬೇಕೆಂದು ಜವಾನರನ್ನೆಲ್ಲ ಕರೆದು ಹೇಳಿದರು: "ಮೇರೇ ಆನೇ ಸೇ ಪಹಲೇ ಸಮುದ್ರ ಕಕ್ಷ್ ಕಾ ವಿಸರ್ಜನ್ ಕರ್ ದೋ."

ಕನ್ನಡದಲ್ಲಿ ವಿಸರ್ಜನೆ ಎಂದರೆ ಎರಡು. ಗಣಪತಿಯದೂ ವಿಸರ್ಜನೆ, ವಿಧಾನಸಭೆಯದೂ ವಿಸರ್ಜನೆ. ಡಾಕ್ಟರು ವಿಧಾನಸಭೆಯ ಅರ್ಥದಲ್ಲಿ ಹೇಳಿದರು. ಆದರೆ ಹಿಂದಿಯಲ್ಲಿ ವಿಧಾನಸಭೆ 'ಭಂಗ್' ಆಗುತ್ತದೆ. 'ವಿಸರ್ಜನ್' ಎಂದರೆ ಬನಾರಸಿನ ಹಸುಗೂಸಿಗೂ ಗೊತ್ತಿರುವುದು ಒಂದೇ, ಅದು ಗಂಗೆಯಲ್ಲಿ ಮುಗಿಯುತ್ತದೆ.

ಎರಡು ಭಾಷೆಯೂ ಬಲ್ಲ ಬಾಬು ಅವರಿಗೆ ಅನುಮಾನ ಬಂದದ್ದು ನಿಜ. ಕಾರಿನ ಕಿಟಕಿಗೆ ಬಗ್ಗಿ ಕನ್ನಡದಲ್ಲೇ ಕೇಳಿದರು.

"ಸರ್, ವಿಸರ್ಜನೆ ಅಂದ್ರೆ?"

"ವಿಸರ್ಜನೆ ಅಂದ್ರೆ ವಿಸರ್ಜನೆ ಕಣಯ್ಯಾ! ಬನಾರಸಿಗೆ ಬಂದು ಕನ್ನಡ ಮರೆತೋಯ್ತಾ ನಿಂಗೆ?"

ಕಾರು ಹೊರಟಿತು.

ಮರುದಿನ ಬೆಳಿಗ್ಗೆ ನಡೆದದ್ದು ಸಮುದ್ರ ವಿಜ್ಞಾನದ ಇತಿಹಾಸದಲ್ಲಿ ಎಲ್ಲಿಯೂ ದಾಖಲಾಗಿಲ್ಲ. ಜವಾನರು ಭಕ್ತಿಯಿಂದಲೇ ಮಾಡಿದರು. ಢೋಲಕ್ ಬಂತು, ಚೆಂಡುಹೂವಿನ ಮಾಲೆ ಬಂತು. ಕಡಲಾಮೆಯ ಹಣೆಗೆ ಕುಂಕುಮವಿಟ್ಟರು. ಬಾಬು ಮಾತ್ರ ಒಂದು ಹಟ ಹಿಡಿದು ಫಾರ್ಮಲಿನ್ನನ್ನೆಲ್ಲ ಡ್ರಮ್ಮಿಗೆ ಬಸಿದು ಹಿಂದೆ ಉಳಿಸಿ, ಪ್ರತಿಯೊಂದನ್ನೂ ನೀರಿನಲ್ಲಿ ತೊಳೆದು ಕೊಟ್ಟರು. ಲಲ್ಲನ್‌ನ ದೋಣಿಯಲ್ಲಿ ನಡುಹೊಳೆಗೆ ಹೋಗಿ, "ಗಂಗಾ ಮೈಯಾ ಕೀ ಜೈ" ಎಂದು ಒಂದೊಂದನ್ನಾಗಿ ಬಿಟ್ಟರು. ಆಕ್ಟೋಪಸ್ ಮುಳುಗಲೊಪ್ಪದೆ ಸ್ವಲ್ಪ ದೂರ ದೋಣಿಯ ಹಿಂದೆಯೇ ಬಂತೆಂಬುದು ಲಲ್ಲನ್ ಹೇಳಿಕೆ. ಅವನ ಹೇಳಿಕೆಯಲ್ಲಿ ನದಿಯ ಅಗಲದಷ್ಟನ್ನು ಕಳೆದು ನಂಬಬೇಕು.

"ಕಬಾಡಿಯವ್ನಿಗೆ ತೂಕಕ್ಕೆ ಹಾಕುಕಿಂತ ನೀರಿಗ್ ಬಿಡುದ್ ವಾಸಿ ಅಂದೇಳಿ ಕಂಡಿತ್ ನಂಗೆ" ಎನ್ನುತ್ತಾರೆ ಬಾಬು. "ಬೇರೆ ಕಾಲೇಜಿಗ್ ಕಳ್ಸುದಿತ್ತಂಬ್ರ್. ಅದನ್ನ್ ಒಂದ್ ಮಾತ್ ಹೇಳುಕೆ ಆಗ್ತಿರ್ಲಿಲ್ಯಾ? ನಾನೇ ಮಡಿಲಲ್ ಇಟ್ಕಂಡ್ ಹೋಯಿ ಕೊಟ್ ಬತ್ತಿದ್ದೆ." ಆ ದಿನದಿಂದ ಅವರ ಬೀಸುಬಲೆ ನಿಂತಿಲ್ಲ. ಮೆತ್ತಗಿನವು ಹೋದವು. ಶಂಖ, ಹವಳ, ಕಡಲ ಮುಳ್ಳುಚೆಂಡಿನ ಚಿಪ್ಪು ಇಂಥ ಗಟ್ಟಿಯವು ಹೂಳಿನಲ್ಲಿ ಕೂತಿವೆ. ಅವನ್ನೇ ಹೆಕ್ಕುತ್ತಾರೆ.

ವಿಸರ್ಜನೆಯಾಗಿ ಮೂರನೆಯ ದಿನ, ಕೆಳಗಿನ ಘಾಟೊಂದರಲ್ಲಿ ಮುಳುಗು ಹಾಕಿ ಎದ್ದ ಯಾತ್ರಿಕರೊಬ್ಬರ ಕೈಗೆ ಶಾರ್ಕ್ ಸಿಕ್ಕಿತು. ಸುತ್ತಿಗೆಯಂಥ ತಲೆಯ ಶಾರ್ಕು, ಕೊಟ್ಟೂರಯ್ಯನವರ ಜೊತೆ ಮೇಲಿನ ಬರ್ತಿನಲ್ಲಿ ಬಂದದ್ದು. ಮಧ್ಯಾಹ್ನದೊಳಗೆ ಅದು ಎಲ್ಲರ ಮೊಬೈಲಿನಲ್ಲಿತ್ತು. ಗಂಗೆಯಲ್ಲಿ ಶಾರ್ಕ್! ಟಿ.ವಿ.ಯವರಿಗೆ ತಜ್ಞರು ಬೇಕಾಯಿತು. ಊರಲ್ಲಿ ಸಿಕ್ಕಿದ ತಜ್ಞರ ಹೆಸರು ಡಾ. ರಘುನಂದನ. ಅವರು ಮೈಸೂರಿನ ಛತ್ರದಲ್ಲಿ, ತಲೆಗೆ ಪೇಟ ಸುತ್ತಿಕೊಂಡು, ಹೋಳಿಗೆಯ ಪಂಕ್ತಿಯಿಂದ ಎದ್ದು ಬಂದು ವಿಡಿಯೊದಲ್ಲಿ ಮಾತಾಡಿದರು. ಇದು ಅನಿರೀಕ್ಷಿತವಲ್ಲ ಎಂದರು. ಹವಾಮಾನ ಬದಲಾದಂತೆ ಕಡಲಜೀವಿಗಳು ಒಳನಾಡಿನತ್ತ ಹೊರಟಿವೆ, ತಾವು ಇದನ್ನು ಬಹಳ ಹಿಂದೆಯೇ ಊಹಿಸಿದ್ದಾಗಿ ಹೇಳಿದರು. ಸಂಜೆಗೆ ಅವರಿಗೆ ಶಾಲು ಹೊದಿಸಲು ಬನಾರಸಿನಲ್ಲಿ ಎರಡು ಸಂಘಗಳು ತಯಾರಾಗಿದ್ದವು.

ಹಿಂತಿರುಗಿ ಬಂದು, ಶಾಲು ಹೊದಿಸಿಕೊಂಡು, ಆಮೇಲೆ ನೆಲಮಾಳಿಗೆಗೆ ಇಳಿದರು. ಕೋಣೆ ಗುಡಿಸಿ ಸಾರಿಸಿದಂತಿತ್ತು. ಖಾಲಿ ಬಾಟಲಿಗಳನ್ನು ಬಾಬು ತೊಳೆದು ಬೋರಲು ಹಾಕಿದ್ದರು. ಅಲ್ಲಿ ನಡೆದ ಮಾತು ಬಾಬು ಅವರಿಗೆ ಬಾಯಿಪಾಠವಾಗಿದೆ.

"ಏನಯ್ಯಾ ಇದು? ಎಲ್ಲಿ ಎಲ್ಲಾ?"

"ವಿಸರ್ಜನೆ ಮಾಡಿದ್ರಲೆ ಸರ್."

"ವಿಧಾನಸಭೆ ವಿಸರ್ಜನೆ ಆಗುತ್ತಲ್ಲಯ್ಯಾ ಅಯೋಗ್ಯ, ಎಮ್ಮೆಲ್ಲೆಗಳನ್ನ ತಗೊಂಡು ಹೋಗಿ ನೀರಿಗೆ ಹಾಕ್ತಾರಾ?"

"ಇಲ್ಲೆ ಸರ್. ಗಣಪತಿನ ಹಾಕ್ತ್ರ್."

ಡಾಕ್ಟರು ಸ್ಟೂಲಿನ ಮೇಲೆ ಕೂತರಂತೆ. ಗಂಗೆಯ ಶಾರ್ಕ್ ಯಾವ ಶಾರ್ಕೆಂದು ಅವರಿಗೆ ತಿಳಿದದ್ದು ಆಗಲೇ. ತಿಳಿಯುವ ಮೊದಲು ಆಡಿದ್ದು ತಪ್ಪು, ತಿಳಿದ ಮೇಲೆ ಸುಮ್ಮನಿದ್ದದ್ದು ಸುಳ್ಳು. ಇವೆರಡರ ನಡುವೆ ಒಂದು ಶಾಲಿನಷ್ಟೇ ಅಂತರವಿತ್ತು. ಮರುದಿನದಿಂದ ಬಾಬು ಅವರಿಗೆ ಕಾಲೇಜಿನೊಳಗೆ ಪ್ರವೇಶವಿಲ್ಲವೆಂದಾಯಿತು. ಶಾರ್ಕನ್ನು ಕಾಲೇಜಿನ ಮುಂಬಾಗಿಲ ಹತ್ತಿರ ದೊಡ್ಡ ಗಾಜಿನ ಪೆಟ್ಟಿಗೆಯಲ್ಲಿ ಇಟ್ಟರು. ಗಂಗೆಯ ಮೀನಾದ್ದರಿಂದ ಗಂಗಾಜಲದಲ್ಲೇ ಇಟ್ಟರು. ಗಂಗಾಜಲ ಎಷ್ಟು ದಿನವಾದರೂ ಕೆಡುವುದಿಲ್ಲ ಎಂಬುದು ಎಲ್ಲರಿಗೂ ಗೊತ್ತು. ಶಾರ್ಕಿಗೆ ಗೊತ್ತಿರಲಿಲ್ಲ.

ಹೊರಗೆ ಹಾಕಿಸಿಕೊಂಡ ಬಾಬು, ಕೇದಾರ ಘಾಟಿನ ಗಲ್ಲಿಯಲ್ಲಿ ಭಾಗೀರಥಮ್ಮನವರ ಇಡ್ಲಿ ಹೋಟೆಲಿನಲ್ಲಿ ಹಿಟ್ಟು ರುಬ್ಬಿ, ತಟ್ಟೆ ತೊಳೆದು ದಿನ ಕಳೆದರು. ಭಾಗೀರಥಮ್ಮ ಶಿವಮೊಗ್ಗದ ಕಡೆಯವರು, ಮಡಿಯ ಹೆಂಗಸು. ಅವರ ಹೋಟೆಲಿನಲ್ಲಿ ಈರುಳ್ಳಿಯೂ ಅಂಜಿಕೊಂಡೇ ಒಳಗೆ ಬರುತ್ತದೆ. ಬೆಳಿಗ್ಗೆ ಬಲೆಯಿಂದ ಸಿಕ್ಕಿದ್ದನ್ನು ಬಾಬು ಅಲ್ಲಿಯೇ ತಂದಿಡುವುದು. ಈ ಮುಂಜಾನೆಯೂ ಹವಳ ಹಿಡಿದು ಮೆಟ್ಟಿಲು ಹತ್ತಿದರೆ ಒಳಗಿನಿಂದ ಕೂಗು ಬರುತ್ತದೆ.

"ಮತ್ತೆ ತಂದ್ಯಾ ಸಮುದ್ರಾನ? ಒಳಗೆ ತರಬೇಡ ಬಾಬಣ್ಣ, ಅಲ್ಲೇ ಕಟ್ಟೆ ಕೆಳಗಿಡು, ಕಾಲು ತೊಳ್ಕೊಂಡು ಬಾ."

"ಕಲ್ಲಮ್ಮಾ ಇದ್, ಮೀನಲ್ಲ."

"ನಿನ್ನೆ ತಂದಿದ್ದೂ ಕಲ್ಲು ಅಂದೆ, ಅದಕ್ಕೆ ಬಾಯಿತ್ತು!"

ಬೈಯುತ್ತಲೇ ಅವರು ಇಡ್ಲಿ ಬೇಯಿಸುವ ದೊಡ್ಡ ಪಾತ್ರೆ, ಹಳೆಯ ಇಡ್ಲಿ ಅಟ್ಟ ಒಂದನ್ನು ಹೊರಗಿಟ್ಟುಕೊಟ್ಟಿದ್ದಾರೆ. ಶಾರ್ಕೊಂದನ್ನು ಬಿಟ್ಟರೆ ಸಮುದ್ರ ಕಕ್ಷದಲ್ಲಿ ಉಳಿದದ್ದೆಲ್ಲ ಈಗ ಅದರೊಳಗಿದೆ.

ಆಗ ಶಾರ್ಕಿನ ಸುದ್ದಿ ತಂದವರೂ ಭಾಗೀರಥಮ್ಮನೇ. ವಾಸನೆ ಹೋದ ಮನುಷ್ಯನಿಗೆ ತನ್ನ ಮೀನು ಕೊಳೆಯುತ್ತಿದೆ ಎಂದು ಹೇಳಲು, ಜನ್ಮದಲ್ಲಿ ಮೀನು ಮುಟ್ಟದ ಹೆಂಗಸೇ ಬೇಕಾಯಿತು. "ತರಕಾರಿಗೆ ಹೋಗಿದ್ದೆ, ಆ ಕಾಲೇಜಿನ ಗೇಟಿನ ಮುಂದೆ ನಿಲ್ಲಕ್ಕಾಗಲಿಲ್ಲ. ಬಂದು ಹೇಳ್ದೆ: ಬಾಬಣ್ಣ, ನಿನ್ನ ಮೀನು ಕೆಡ್ತಾ ಇದೆ ಕಣೋ. ಇವನು ಹಿಟ್ಟಿನ ಕೈಯಲ್ಲೇ ಓಡಿದ."

ಗೇಟಿನ ಸರಳುಗಳ ನಡುವಿನಿಂದ ನೋಡಿದಾಗ ಶಾರ್ಕಿನ ಒಂದು ಕಣ್ಣು ಬೆಳ್ಳಗಾಗಿತ್ತು. ಹೊಟ್ಟೆಯ ಚರ್ಮ ಸಡಿಲವಾಗಿ ನೀರಲ್ಲಿ ಅಲ್ಲಾಡುತ್ತಿತ್ತು. ಬಾಯಲ್ಲಿ ಬಾಬು ಕಟ್ಟಿದ ಗಂಟು ಹಾಗೇ ಇತ್ತು. ಮೀನಿಗಾಗಿ ಇಷ್ಟು ಯಾಕೆ ಎಂದರೆ ಅವರು ಕೈಯಲ್ಲಿರುವ ಕಾಫಿ ಲೋಟ ಕೆಳಗಿಡುತ್ತಾರೆ.

"ಅದ್ ನಮ್ಮ್ ಅಪ್ಪಯ್ಯನ್ ಬಲೆಗ್ ಬಿದ್ದದ್. ತಾಟೆ ಅಂಬ್ರ್ ನಮ್ಮಲ್ಲಿ. 'ಇದನ್ನ್ ಮಾರೂದ್ ಬ್ಯಾಡ, ಮೇಷ್ಟ್ರಿಗೆ ಇರ್ಲಿ' ಅಂದೇಳಿ ತೆಗ್ದಿಟ್ರ್. ಅಪ್ಪಯ್ಯಂದ್ ಒಂದ್ ಫೋಟೋ ಸಹ ಇಲ್ಲೆ ಮಾರಾಯ್ರೆ. ಅವ್ರ್ ಕೈಯಲ್ ಮುಟ್ಟಿದ್ ಅಂದೇಳಿ ಇಪ್ಪುದ್ ಅದೊಂದೇ. ಫಾರ್ಮಲಿನ್ ಹಾಕಿದ್ರೆ ಇನ್ನೂ ನೂರ್ ವರ್ಷ ಇರುತ್ತ್. ನಾನ್ ಒಂದ್ ಗಳಿಗೆ ಒಳಗೆ ಹ್ವಾಯ್ಕಿತ್ತ್, ಅಷ್ಟೇ."

ಒಂದು ಗಳಿಗೆ ಒಳಗೆ ಹೋಗಲು ದಾರಿಯೊಂದು ತಾನಾಗಿಯೇ ತೆರೆಯಿತು. ಆ ಶಾರ್ಕ್ ಕಾಲೇಜಿನದೇ ಹಳೆಯ ಮಾಲು ಎಂದು ಯಾರೋ ಆಡಳಿತದವರ ಕಿವಿಗೆ ಹಾಕಿದರು. ವಿಚಾರಣೆಗೆ ಮೂವರ ಸಮಿತಿ ಬಂತು. ಒಬ್ಬರು ಸಸ್ಯಶಾಸ್ತ್ರ, ಒಬ್ಬರು ಇತಿಹಾಸ, ಅಧ್ಯಕ್ಷರು ಕಾನೂನು. ಮೀನು ಬಲ್ಲವರನ್ನು ಸೇರಿಸದಿದ್ದದ್ದು ನಿಷ್ಪಕ್ಷಪಾತದ ದೃಷ್ಟಿಯಿಂದ. ಹಿಂದಿನ ದಿನ ಸಂಜೆ ಡಾ. ರಘುನಂದನ ಇಡ್ಲಿ ಹೋಟೆಲಿಗೇ ಬಂದರು. ಒಂದು ಪ್ಲೇಟ್ ಇಡ್ಲಿ ತರಿಸಿಕೊಂಡು, ತಿನ್ನದೆ, ಮೆಲ್ಲಗೆ ಹೇಳಿದರು.

"ನೋಡು ಬಾಬು, ಮೀನು ಎಲ್ಲಿಂದ ಬಂತು ಅಂತ ಕೇಳ್ತಾರೆ. ನಮ್ಮ ಕೋಣೇಲಿ ಇಂಥದ್ದು ಇರ್ಲೇ ಇಲ್ಲ, ಗಂಗೇದು ಅಂದುಬಿಡು. ನಾಳೆ ಸಾಯಂಕಾಲಾನೇ ಪೆಟ್ಟಿಗೆ ಬೀಗದ ಕೈ ನಿನ್ನ ಕೈಗೆ, ಕೆಲಸಾನೂ ವಾಪಸ್ಸು. ಇಲ್ಲಾ ಅಂದ್ರೆ ಸರ್ಕಾರಿ ಸಾಮಾನು ನೀರಿಗೆ ಹಾಕಿದ್ದು ಯಾರು ಅನ್ನೋ ಮಾತು ಬರುತ್ತೆ. ನಾನು ಹೇಳಿದ್ದಕ್ಕೆ ಸಾಕ್ಷಿ ಇಲ್ಲಯ್ಯಾ. ನೀನು ಹಾಕಿದ್ದನ್ನ ಅರ್ಧ ಬನಾರಸ್ ನೋಡಿದೆ, ಢೋಲಕ್ ಬೇರೆ."

ಬಾಬು ಒಪ್ಪಿಕೊಂಡರು. ಇದನ್ನು ಅವರು ಮುಚ್ಚಿಡುವುದಿಲ್ಲ. "ಹೇಳೂದೇ ಅಂದೇಳಿ ಮಾಡಿದ್ದೆ. ಅಪ್ಪಯ್ಯನ್ ಹೆಸ್ರ್ ಹೋದ್ರೆ ಹೋಯ್ಲಿ, ಮೀನ್ ಉಳೀಲಿ ಅಂದೇಳಿ."

ಮರುದಿನ ಗಾಜಿನ ಪೆಟ್ಟಿಗೆಯ ಮುಂದೆಯೇ ಕುರ್ಚಿ ಹಾಕಿ ಸಮಿತಿ ಕೂತಿತು, ಮೂವರೂ ಮೂಗಿಗೆ ಕರವಸ್ತ್ರ ಹಿಡಿದು. ಕರವಸ್ತ್ರವಿಲ್ಲದೆ ನಿಂತಿದ್ದವರು ಬಾಬು ಒಬ್ಬರೇ. ಅಧ್ಯಕ್ಷರು ಬೇಗ ಮುಗಿಸುವ ಆತುರದಲ್ಲಿ, ಮೀನು ಎಲ್ಲಿಯದೆಂದು ಒಂದೇ ಪ್ರಶ್ನೆ ಕೇಳಿದರು.

"ಯೇ ಮಛಲೀ ಕಹಾಂ ಕೀ ಹೈ?"

ಬಾಬು ಬಾಯಿ ತೆರೆದರು. ಎದುರಿಗೆ, ಗಾಜಿನ ಆಚೆ, ಆ ಮೀನಿತ್ತು. ಹೇಳಬೇಕೆಂದುಕೊಂಡದ್ದರ ಬದಲು ತಾವು ಹುಟ್ಟಿದ ಬಂದರಿನ ಹೆಸರು ಹೊರಗೆ ಬಂತು.

"ಗಂಗೊಳ್ಳಿ."

"ಕ್ಯಾ?"

"ಗಂಗೊಳ್ಳಿ ಸಾಬ್."

"ಹಾಂ ಹಾಂ, ಗಂಗಾ ವಾಲೀ." ಅಧ್ಯಕ್ಷರು ಪಕ್ಕದವರತ್ತ ತಿರುಗಿದರು. "ಲಿಖಿಯೇ, ಗಂಗಾ ವಾಲೀ ಮಛಲೀ."

ಕುಂದಾಪುರದಿಂದ ಹೊಳೆ ದಾಟಿದರೆ ಸಿಗುವ ಊರು ಗಂಗೊಳ್ಳಿ. ಕನ್ನಡದ ಕರಾವಳಿಯಲ್ಲಿ ಬೆಳಗಿನ ಮೀನಿನ ಕೂಗು ಕೇಳಿದ ಯಾರಿಗಾದರೂ ಗೊತ್ತು. ಹಿಂದಿಯ ಕಿವಿಗೆ ಅದು 'ಗಂಗೆಯದು'. ಅಲ್ಲಿದ್ದವರಲ್ಲಿ ವ್ಯತ್ಯಾಸ ಬಲ್ಲವರು ಇಬ್ಬರಿದ್ದರು. ಒಬ್ಬರು ಡಾ. ರಘುನಂದನ, ಅವರು ಮೇಲೆ ತಿರುಗುತ್ತಿದ್ದ ಫ್ಯಾನು ನೋಡುತ್ತಿದ್ದರು. ಇನ್ನೊಬ್ಬರು ಬಾಬು. ಚಹಾ ಬಂತು. ಅಷ್ಟರಲ್ಲಿ ತಿದ್ದಲು ಸಮಯವಿತ್ತು. ಬಾಬು ತಿದ್ದಲಿಲ್ಲ.

ಸಮಿತಿ ಎದ್ದು ಹೋದ ಮೇಲೆ ಡಾಕ್ಟರು ಹೆಗಲ ಮೇಲೆ ಕೈಯಿಟ್ಟು, "ಚೆನ್ನಾಗಿ ಹೇಳ್ದೆ ಕಣಯ್ಯಾ" ಎಂದರಂತೆ.

"ನಾನ್ ಇದ್ದದ್ದೇ ಹೇಳ್ದೆ ಸರ್."

"ಗೊತ್ತು. ಅದಕ್ಕೇ ಚೆನ್ನಾಗಿ ಹೇಳ್ದೆ ಅಂದಿದ್ದು."

ಸಂಜೆ ಬೀಗದ ಕೈ ಬಂತು. ಬಾಬು ರಾತ್ರಿ ಮನೆಗೆ ಹೋಗದೆ ಗಂಗಾಜಲ ಬಸಿದು, ಶಾರ್ಕನ್ನು ತೊಳೆದು, ಹರಿದಲ್ಲಿ ಹೊಲಿದು, ತಾವೇ ಉಳಿಸಿಟ್ಟಿದ್ದ ಹಳೆಯ ಡ್ರಮ್ಮಿನ ಫಾರ್ಮಲಿನ್ ತುಂಬಿಸಿದರು. ಬೆಳ್ಳಗಾದ ಕಣ್ಣು ಸರಿಹೋಗಲಿಲ್ಲ. ಉಳಿದದ್ದು ನಿಂತಿತು. ಈಗ ಅವರು ಒಂದೇ ಒಂದು ಮೀನಿನ ಅಟೆಂಡರ್. ಇಡ್ಲಿ ಅಟ್ಟದಲ್ಲಿರುವ ಹವಳ, ಶಂಖಗಳನ್ನು ಒಳಗೆ ತರುವಂತಿಲ್ಲ. ಅವು ಬಂದರೆ ಗಂಗೆಯ ಶಾರ್ಕಿನ ಜೊತೆಗೆ ಗಂಗೆಯ ಹವಳವನ್ನೂ ಗಂಗೆಯ ಶಂಖವನ್ನೂ ವಿವರಿಸಬೇಕಾಗುತ್ತದೆ. ಅಷ್ಟು ಶಾಲುಗಳು ಬನಾರಸಿನಲ್ಲೂ ಇಲ್ಲ.

ಈ ಬಗ್ಗೆ ಕೇಳಿದರೆ ಡಾ. ರಘುನಂದನ ನಗುತ್ತಲೇ ಉತ್ತರಿಸುತ್ತಾರೆ: "ಅದೆಲ್ಲ ಮುಗಿದ ಅಧ್ಯಾಯ ಬಿಡಿ. ಹಳೇದನ್ನ ಕೆದಕೋದು ವಿಜ್ಞಾನ ಅಲ್ಲ." ಅವರ ಡಾಕ್ಟರೇಟು ಪಳೆಯುಳಿಕೆಗಳ ಮೇಲೆ.

ಬಾಬು ಅವರಿಗೆ ಈ ತಿಂಗಳ ಕೊನೆಗೆ ನಿವೃತ್ತಿ. ಬರೆದರೆ ತೊಂದರೆಯಾಗದೇ ಎಂದರೆ, "ಬರೀನಿ ಮಾರಾಯ್ರೆ, ಕನ್ನಡದಲ್ ತಾನೆ? ಇಲ್ಲಿ ಯಾರ್ ಓದ್ತ್ರ್" ಎನ್ನುತ್ತಾರೆ. ಅವರ ನಂತರ ನೀರು ಬದಲಿಸುವವರು ಯಾರೆಂಬುದು ತೀರ್ಮಾನವಾಗಿಲ್ಲ. ಡ್ರಮ್ಮಿನಲ್ಲಿ ತಳ ಕಾಣುತ್ತಿದೆ.

ಹೊತ್ತು ಏರುತ್ತಿದೆ. ಕಾಲೇಜಿನ ಮುಂಬಾಗಿಲಲ್ಲಿ ಬಾಬು ಗಾಜು ಒರೆಸುತ್ತಾರೆ. ಯಾತ್ರೆಗೆ ಬಂದ ಹೆಂಗಸರ ಗುಂಪೊಂದು ಒಳಗೆ ಬಂದು ಪೆಟ್ಟಿಗೆಗೆ ಕೈಮುಗಿಯುತ್ತದೆ. ಒಬ್ಬಾಕೆ ಗಾಜಿನ ಕೆಳಗೆ ಒಂದು ಹೂವಿಡುತ್ತಾರೆ. "ಕಹಾಂ ಸೇ ಆಯೀ ಭೈಯಾ?" ಎಂದು ಇನ್ನೊಬ್ಬಾಕೆ ಕೇಳುತ್ತಾರೆ. ಬಾಬು ನೆಟ್ಟಗೆ ನಿಂತು, ಒಂದೊಂದು ಅಕ್ಷರವನ್ನೂ ಬಿಡಿಸಿ, "ಗಂಗೊಳ್ಳಿ" ಎನ್ನುತ್ತಾರೆ. "ಗಂಗಾ ವಾಲೀ" ಎಂದು ಆಕೆ ಮಿಕ್ಕವರಿಗೆ ಹೇಳುತ್ತಾರೆ. ಎಲ್ಲರೂ ತಲೆಯಾಡಿಸಿ ಹೊರಡುತ್ತಾರೆ.

ಬಾಬು ಬಟ್ಟೆ ಹಿಂಡಿ ಕಿಟಕಿಗೆ ಹಾಕುತ್ತಾರೆ.

"ದಿನಾ ಹೇಳ್ತೆ, ಒಂದ್ ದಿನವೂ ಸುಳ್ಳ್ ಹೇಳಿದ್ದಿಲ್ಲೆ. ನಮ್ಮೂರ್ ಬದಿಯವ್ರೂ ಕಾಶಿಗ್ ಬತ್ರ್ ಮಾರಾಯ್ರೆ. ವಿಶ್ವನಾಥನ್ನ್ ಕಾಂತ್ರ್, ಸೀರೆ ತಕಂತ್ರ್, ಹ್ವಾತ್ರ್. ಅವ್ರಲ್ ಒಬ್ರಾರೂ ಒಂದ್ ಸಲ ಇಲ್ಲಿಗ್ ಬಂದ್, ಈ ಮೀನ್ ಎಲ್ಲಿದ್ ಅಂದೇಳಿ ಕೇಣ್ಬೇಕ್. ನಾನ್ ಹೇಳಿದ್ ಅವ್ರಿಗ್ ಸಮಾ ಕೇಣ್ಬೇಕ್. ಅಷ್ಟೇ."